ಆಫೀಸಿನ ಕ್ಲೌಡ್ ಖಾತೆಯ ಕೀ ಯಾರ್ಯಾರ ಹತ್ತಿರ ಇದೆ?

ಹತ್ತು-ಹನ್ನೆರಡು ಜನರಿರುವ ಒಂದು ಆಡಿಟರ್ ಆಫೀಸನ್ನು ನೆನೆಸಿಕೊಳ್ಳಿ. ಪಾರ್ಟಿಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮೊದಲು ಕಬ್ಬಿಣದ ಬೀರುವಿನಲ್ಲಿ ಇರುತ್ತಿದ್ದವು. ಕೀ ಯಾರ ಹತ್ತಿರ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಅದೇ ಕಾಗದಗಳು ಗೂಗಲ್ ವರ್ಕ್‌ಸ್ಪೇಸ್‌ನಲ್ಲೋ ಮೈಕ್ರೋಸಾಫ್ಟ್ 365ನಲ್ಲೋ ಇವೆ. ಕೀ ಎಷ್ಟಿವೆ ಅಂತ ಮಾತ್ರ ಯಾರೂ ಎಣಿಸಿಲ್ಲ.

ಚಿಕ್ಕ ಆಫೀಸಿಗೆ ಯಾರು ಬರುತ್ತಾರೆ ಅನ್ನಬೇಡಿ. 2023ರ ನವೆಂಬರ್‌ನಲ್ಲಿ ರಷ್ಯಾ ಸರ್ಕಾರದ ಬೆಂಬಲವಿರುವ ಗುಂಪೊಂದು ಖುದ್ದು ಮೈಕ್ರೋಸಾಫ್ಟ್ ಕಂಪನಿಯೊಳಗೇ ನುಗ್ಗಿತು. ದಾರಿಯಾಗಿದ್ದು ಒಂದು ಹಳೆಯ ಟೆಸ್ಟ್ ಖಾತೆ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಬೀಗ ಇರಲಿಲ್ಲ. ಅಲ್ಲಿಂದ ಒಂದು ಹಳೆಯ ಆ್ಯಪ್‌ಗೆ ಕೊಟ್ಟಿದ್ದ ಅನುಮತಿ ಹಿಡಿದು ಹಿರಿಯ ಅಧಿಕಾರಿಗಳ ಇಮೇಲ್‌ವರೆಗೂ ಹೋದರು. ಪತ್ತೆಯಾಗಿದ್ದು 2024ರ ಜನವರಿ 12ರಂದು. ಮರೆತ ಖಾತೆ, ಹಾಕದ ಬೀಗ, ಮರೆತ ಅನುಮತಿ: ಈ ಮೂರೂ ನಮ್ಮ ಆಫೀಸುಗಳಲ್ಲೂ ಇವೆ, ಅಲ್ವಾ?

ಗೂಗಲ್ ವರ್ಕ್‌ಸ್ಪೇಸ್ ಇಟ್ಟುಕೊಂಡು ಹೇಳುತ್ತೇನೆ. ಅಡ್ಮಿನ್ ಕನ್ಸೋಲ್, ಅಂದರೆ ಆಫೀಸಿನ ಎಲ್ಲ ಖಾತೆಗಳನ್ನೂ ನಿಭಾಯಿಸುವ ಪುಟ, ತೆರೆದು ಕೂತುಕೊಳ್ಳಿ. ಒಂದು ಮಧ್ಯಾಹ್ನ ಸಾಕು.

ಮೊದಲು ಜನರ ಪಟ್ಟಿ

'ಡೈರೆಕ್ಟರಿ'ಯಲ್ಲಿ 'ಯೂಸರ್ಸ್' ತೆರೆಯಿರಿ. ಕೊನೆಯ ಬಾರಿ ಯಾರು ಯಾವಾಗ ಲಾಗಿನ್ ಆಗಿದ್ದಾರೆ ಅಂತ ಅಲ್ಲೇ ಕಾಣುತ್ತದೆ. ಕೆಲಸ ಬಿಟ್ಟು ಹೋದವರು, ಎರಡು ತಿಂಗಳಿಗೆ ಬಂದ ಟ್ರೈನಿಗಳು, ಸುಮ್ನೆ ಮಾಡಿಟ್ಟ ಖಾತೆಗಳು, ಎಲ್ಲಕ್ಕೂ ಗುರುತು ಹಾಕಿ. ತಕ್ಷಣ ಡಿಲೀಟ್ ಮಾಡಬೇಡಿ. ಮೊದಲು ಸಸ್ಪೆಂಡ್ ಮಾಡಿ, ಆ ಖಾತೆಯ ಫೈಲುಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಿ, ಆಮೇಲೆ ಅಳಿಸಿ. ಅಳಿಸಿದ ಖಾತೆಯನ್ನು 20 ದಿನದೊಳಗೆ ಮಾತ್ರ ವಾಪಸ್ ತರಬಹುದು.

ಸೂಪರ್ ಅಡ್ಮಿನ್‌ಗಳು, ಅಂದರೆ ಎಲ್ಲ ಸೆಟ್ಟಿಂಗ್‌ಗಳನ್ನೂ ಬದಲಿಸುವ ಅಧಿಕಾರ ಇರುವವರು, ಎಷ್ಟು ಜನ ಅಂತಲೂ ನೋಡಿ. ಒಬ್ಬರೇ ಇದ್ದರೆ ಅವರ ಫೋನ್ ಕಳೆದ ದಿನ ಆಫೀಸೇ ಹೊರಗೆ ನಿಲ್ಲಬೇಕಾಗುತ್ತದೆ. ಐದು ಜನ ಇದ್ದರೆ ಜಾಸ್ತಿಯಾಯಿತು. ಇಬ್ಬರು ಸಾಕು. ಅವರೂ ದಿನದ ಮೇಲ್ ನೋಡಲು ಬೇರೆ ಖಾತೆ ಬಳಸಲಿ.

ಎರಡನೇ ಬೀಗ

'ಸೆಕ್ಯುರಿಟಿ'ಯಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಇದೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಪರೀಕ್ಷೆ. ಬೇಕಾದವರು ಹಾಕಿಕೊಳ್ಳಲಿ ಅಂತ ಬಿಟ್ಟರೆ ಯಾರೂ ಹಾಕಿಕೊಳ್ಳುವುದಿಲ್ಲ. ಒಂದು ತಾರೀಖು ಹೇಳಿ ಎಲ್ಲರಿಗೂ ಕಡ್ಡಾಯ ಮಾಡಿ. ಎಸ್ಸೆಮ್ಮೆಸ್ ಒಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು, ಅದಕ್ಕಿಂತ ಸೆಕ್ಯುರಿಟಿ ಕೀ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಸಾಧನ) ಅಥವಾ ಪಾಸ್‌ಕೀ (ಫೋನಿನ ಬೆರಳಚ್ಚು, ಪಿನ್‌ನಿಂದಲೇ ಲಾಗಿನ್) ಗಟ್ಟಿ. ಒಟಿಪಿಯನ್ನು ಫೋನಿನಲ್ಲಿ ಮಾತಾಡಿಸಿ ಕಿತ್ತುಕೊಳ್ಳಬಹುದು, ಪಾಸ್‌ಕೀಯನ್ನು ಹಾಗೆ ಬಾಯಿಬಿಡಿಸಲು ಆಗುವುದಿಲ್ಲ. ಫೋನ್ ಕಳೆದರೆ ಒಳಗೆ ಹೋಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಆ ಹಳೆಯ ಬೀರುವಿನಲ್ಲೇ ಇಡಿ.

ಸದ್ದಿಲ್ಲದೆ ಹೊರಗೆ ಹೋಗುವ ಮೇಲ್

ಇದನ್ನು ಬಹಳ ಜನ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಳ್ಳ ಒಮ್ಮೆ ಒಳಗೆ ಬಂದರೆ ತಕ್ಷಣ ಏನೂ ಕದಿಯುವುದಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಮಾಡುತ್ತಾನೆ. 'ಇನ್‌ವಾಯ್ಸ್', 'ಪೇಮೆಂಟ್' ಅಂತ ಇರುವ ಮೇಲ್ ಎಲ್ಲ ಅವನ ವಿಳಾಸಕ್ಕೂ ಹೋಗಬೇಕು, ಅಷ್ಟೇ. ವಾರಗಟ್ಟಲೆ ಓದುತ್ತಾನೆ. ದೊಡ್ಡ ಬಿಲ್ ಬಂದ ದಿನ ನಿಮ್ಮದೇ ಭಾಷೆಯಲ್ಲಿ, ನಿಮ್ಮದೇ ಮೇಲ್ ಸರಣಿಯಲ್ಲಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಬರೆಯುತ್ತಾನೆ. ನೀವು ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಅಲ್ಲೇ ಇರುತ್ತದೆ.

ಹಾಗಾಗಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಜಿಮೇಲ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟ ನೋಡಿ. ಗೊತ್ತಿಲ್ಲದ ವಿಳಾಸ ಕಂಡರೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಅಳಿಸಿ. ಮುಂದೆ ಯಾರೂ ತಾನಾಗಿ ಫಾರ್ವರ್ಡ್ ಹಾಕದಂತೆ ಅಡ್ಮಿನ್ ಕನ್ಸೋಲ್‌ನಲ್ಲಿ ಆಟೋಮ್ಯಾಟಿಕ್ ಫಾರ್ವರ್ಡಿಂಗ್ ಆಫ್ ಮಾಡಿಬಿಡಿ.

ಲಿಂಕ್ ಇದ್ದವರೆಲ್ಲ ನೋಡಬಹುದು

ಅರ್ಜೆಂಟಿನಲ್ಲಿ ಒಂದು ಫೋಲ್ಡರ್‌ಗೆ 'ಲಿಂಕ್ ಇರುವ ಯಾರಾದರೂ' ಅಂತ ಕೊಟ್ಟು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಕೆಲಸ ಮುಗಿದರೂ ಲಿಂಕ್ ಬದುಕಿರುತ್ತದೆ. ಪಾರ್ಟಿಗಳ ದಾಖಲೆ ಇರುವ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು 'ರಿಸ್ಟ್ರಿಕ್ಟೆಡ್' ಮಾಡಿ. ಡ್ರೈವ್‌ನ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬದಲಿಸಿದರೆ ಅದು ಹೊಸ ಫೈಲುಗಳಿಗೆ ಮಾತ್ರ. ಹಳೆಯವನ್ನು ಕೈಯಾರೆ ಮುಚ್ಚಬೇಕು. ಬೇಸರದ ಕೆಲಸ, ಆದರೆ ಅದು ಬೇರೆಯವರ ಆಧಾರ್.

ಆ್ಯಪ್‌ಗಳು

'ಎಪಿಐ ಕಂಟ್ರೋಲ್ಸ್' ಪುಟದಲ್ಲಿ ನಿಮ್ಮ ಡೇಟಾ ಮುಟ್ಟುತ್ತಿರುವ ಹೊರಗಿನ ಆ್ಯಪ್‌ಗಳ ಪಟ್ಟಿ ಇದೆ. ಪಿಡಿಎಫ್ ಜೋಡಿಸುವ ಆ್ಯಪ್‌ಗೆ ಇಡೀ ಡ್ರೈವ್ ಓದುವ ಅನುಮತಿ ಯಾಕೆ? ಯಾರೂ ಬಳಸದೇ ಇದ್ದರೆ ಬ್ಲಾಕ್ ಮಾಡಿ.

ಲಾಗ್

ಯಾರು, ಯಾವಾಗ, ಎಲ್ಲಿಂದ ಲಾಗಿನ್ ಆದರು ಅನ್ನುವ ಲಾಗ್ ಗೂಗಲ್‌ನಲ್ಲಿ 6 ತಿಂಗಳು ಇರುತ್ತದೆ. ನಮ್ಮ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಲಾಗ್ ಅನ್ನು 180 ದಿನ ಇಡಬೇಕು ಅನ್ನುತ್ತದೆ. ಮೂರು ತಿಂಗಳಿಗೊಮ್ಮೆ ಶೀಟ್‌ಗೆ ಇಳಿಸಿಟ್ಟುಕೊಂಡರೆ ಹಳೆಯದೂ ಕೈಯಲ್ಲಿರುತ್ತದೆ.

ಏನಾದರೂ ಸಿಕ್ಕಿದರೆ

ಪಾಸ್‌ವರ್ಡ್ ಬದಲಿಸಿ, ಸೈನ್-ಇನ್ ಕುಕೀಸ್ ರಿಸೆಟ್ ಮಾಡಿ (ಈಗಾಗಲೇ ಒಳಗಿರುವವರೆಲ್ಲ ಲಾಗೌಟ್ ಆಗುತ್ತಾರೆ), ಫಾರ್ವರ್ಡಿಂಗ್ ಮತ್ತು ಆ್ಯಪ್ ಅನುಮತಿ ತೆಗೆಯಿರಿ, ಬ್ಯಾಕಪ್ ಕೋಡ್ ಹೊಸದು ಮಾಡಿ. ಸರ್ಟ್-ಇನ್‌ಗೆ ತಿಳಿಸಲು ಇರುವ ಸಮಯ ವಿಷಯ ಗೊತ್ತಾದ 6 ಗಂಟೆ. ಹಣ ಹೋಗಿದ್ದರೆ ಇದೆಲ್ಲಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.