ಇರುವೆ ಸಾಲಿನ ಪಕ್ಕದ ಕೊಂಬಿನ ಮರಿ

ಮೊದಲ ಎರಡು ವರ್ಷ ನಾನು ಕೊಂಬಿನ ಓತಿಯ ಮರಿಗಳನ್ನು ಹುಡುಕಿದ್ದು ಜೂನ್ ತಿಂಗಳಲ್ಲಿ. ಮಗಳ ಶಾಲೆಗೆ ರಜೆ, ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿಯುತ್ತದೆ, ಇದೇ ಸರಿಯಾದ ಕಾಲ ಅಂದುಕೊಂಡಿದ್ದೆ. ಆಗಷ್ಟೇ ಮೊಟ್ಟೆಯೊಡೆದ ಮರಿ ಒಂದೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅಮೆರಿಕದ ಅರಿಜೋನಾದ ಟೂಸಾನ್ ಸುತ್ತಮುತ್ತ ಇರುವ ಕೊಂಬಿನ ಓತಿ, ಅಂದರೆ ರೀಗಲ್ ಹಾರ್ನ್ಡ್ ಲಿಜರ್ಡ್, ಮೊಟ್ಟೆ ಇಡುವುದೇ ಮಳೆಗಾಲದ ಹೊತ್ತಿಗೆ. ಇಲ್ಲಿ ಮಳೆ ಜುಲೈನಲ್ಲಿ ಬರುತ್ತದೆ. ಮರಿ ಮಣ್ಣಿನಿಂದ ಮೇಲೇಳುವುದು ಆಗಸ್ಟ್ ಕೊನೆಗೆ, ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ.

ನಮ್ಮ ಓತಿಕ್ಯಾತಕ್ಕೆ ಇದು ದೂರದ ನೆಂಟ. ಆದರೆ ಸ್ವಭಾವ ತೀರಾ ಬೇರೆ. ಓತಿಕ್ಯಾತ ಬೇಲಿ ಹತ್ತಿ ತಲೆ ಆಡಿಸುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಇದು ರೊಟ್ಟಿಯ ಹಾಗೆ ನೆಲಕ್ಕಂಟಿ ಕೂತುಬಿಡುತ್ತದೆ. ತಲೆಯ ಹಿಂದೆ ಕಿರೀಟದಂತೆ ಕೊಂಬಿನ ಸಾಲು, ಮೈಯೆಲ್ಲ ಅಲ್ಲಿಯ ಮಣ್ಣಿನದೇ ಬಣ್ಣ. ಊರ ಮಧ್ಯದಲ್ಲೇ ಟುಮಾಮಾಕ್ ಎಂಬ ಗುಡ್ಡವಿದೆ. 1903ರಲ್ಲಿ ಶುರುವಾದ ಮರುಭೂಮಿ ಸಂಶೋಧನಾಲಯ ಅದರ ಮೇಲಿದೆ. ಇಲ್ಲಿಯ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರ ಭಾಷೆಯಲ್ಲಿ ಆ ಹೆಸರಿಗೆ ಕೊಂಬಿನ ಓತಿಯ ಗುಡ್ಡ ಎಂದೇ ಅರ್ಥ. ಇದು ತಿಳಿದ ಮೇಲೆ ನನಗೆ ಈ ಊರು ಹತ್ತಿರವಾಯಿತು.

ನನ್ನ ಹುಡುಕಾಟ ಬದಲಾದದ್ದು ಓತಿಯನ್ನು ಹುಡುಕುವುದು ಬಿಟ್ಟು ಇರುವೆ ಹುಡುಕಲು ಶುರುಮಾಡಿದಾಗ. ಇದರ ಮುಖ್ಯ ಊಟ ಬೀಜ ಕೂಡಿಡುವ ಹಾರ್ವೆಸ್ಟರ್ ಇರುವೆ. ಆ ಇರುವೆಗಳು ಗೂಡಿನ ಸುತ್ತ ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ಕಣ ಮಾಡಿದ ಹಾಗೆ ನೆಲ ಬೋಳಾಗಿಸುತ್ತವೆ, ಹಾಗಾಗಿ ದೂರದಿಂದಲೇ ಗುರುತು ಸಿಗುತ್ತದೆ. ನಾನು ಕಣದ ಮೇಲೆ ಕಾಲಿಡದೆ, ಅಲ್ಲಿಂದ ಹೊರಟ ಸಾಲನ್ನು ಹಿಡಿದು ಪಕ್ಕದಲ್ಲೇ ನಡೆಯುತ್ತೇನೆ. ಓತಿ ಸಾಲಿನ ಬದಿಯಲ್ಲಿ ಕೂತು ನಾಲಿಗೆಯಿಂದ ಒಂದೊಂದೇ ಇರುವೆ ಎತ್ತಿಕೊಳ್ಳುತ್ತದೆ, ಅವು ಮೈಮೇಲೆ ಮುತ್ತಿಕೊಳ್ಳುವ ಮೊದಲೇ ಜಾಗ ಖಾಲಿ ಮಾಡುತ್ತದೆ. ಆದರೆ ಹೊಸ ಮರಿಗೆ ಇಷ್ಟು ದೊಡ್ಡ ಇರುವೆ ಜಾಸ್ತಿಯಾಯಿತು. ಅದಕ್ಕೆ ಸಣ್ಣ ಜಾತಿಯ ಇರುವೆಗಳೇ ಬೇಕು. ಅದಕ್ಕೇ ಸೆಪ್ಟೆಂಬರ್‌ನಲ್ಲಿ ನನ್ನ ಕಣ್ಣು ದೊಡ್ಡ ಕಣಗಳಿಂದ ಸರಿದು, ಒಣಹಳ್ಳದ ಅಂಚಿನಲ್ಲಿ ಮೆಸ್ಕೀಟ್ ಮರದ ಚುಕ್ಕೆ ನೆರಳಿನ ಕಡೆ ಹೋಗುತ್ತದೆ. ಈ ಮೆಸ್ಕೀಟ್ ನಮ್ಮ ಕಡೆಯ ಬಳ್ಳಾರಿ ಜಾಲಿಯ ಸಂಬಂಧಿ. ಚಳ್ಳಕೆರೆ ಕಡೆ ಬೆಳೆದ ನನಗೆ ಆ ನೆರಳು, ಆ ಮುಳ್ಳು ಹೊಸದಲ್ಲ.

ಇರುವೆಯ ನಂತರ ನಾನು ನಂಬುವುದು ಹಿಕ್ಕೆಯನ್ನು. ಪ್ರಾಣಿಯ ಗಾತ್ರಕ್ಕೆ ಹೋಲಿಸಿದರೆ ಅದು ಬಲು ದೊಡ್ಡದು. ಬೆಳೆದ ಓತಿಯದ್ದು ಪೆನ್ಸಿಲ್ ದಪ್ಪ ಇರುತ್ತದೆ. ಒಣಗಿದ್ದನ್ನು ಕಡ್ಡಿಯಿಂದ ಒತ್ತಿದರೆ ಪುಡಿಯಾಗಿ, ಒಳಗೆಲ್ಲ ಇರುವೆ ತಲೆಗಳ ಮಿನುಗು. ಮರಿಯದ್ದು ಅಕ್ಕಿಕಾಳಿನಷ್ಟು. ಅಕ್ಕಿಕಾಳಿನಷ್ಟರದು ಕಂಡರೆ ನಾನು ಅಲ್ಲೇ ಕೂತುಬಿಡುತ್ತೇನೆ, ಹತ್ತು ನಿಮಿಷ ಏಳುವುದಿಲ್ಲ. ನಡೆಯುವವರಿಗಿಂತ ಕೂತವರಿಗೇ ಮರಿ ಕಾಣುವುದು ಹೆಚ್ಚು, ಯಾಕೆಂದರೆ ಹೆಜ್ಜೆ ಸದ್ದಿಗೆ ಅದು ಕಲ್ಲಾಗುತ್ತದೆ. ಎಲ್ಲ ನಿಶ್ಶಬ್ದವಾದ ಮೇಲೆ ಒಂದು ಬೆಣಚುಕಲ್ಲು ನಾಲ್ಕು ಬೆರಳಿನಷ್ಟು ದೂರ ಓಡಿ ಮತ್ತೆ ಕಲ್ಲಾಗುತ್ತದೆ. ಅದೇ ಮರಿ. ಇಲ್ಲಿಯ ಕಾಲು ಡಾಲರ್ ನಾಣ್ಯದ ಮೇಲೆ ಹೆಚ್ಚುಕಡಿಮೆ ಹಿಡಿಸುವ ಮೈ, ಕೊಂಬು ಇನ್ನೂ ಮೊಳಕೆ.

ಒಂದು ತಪ್ಪನ್ನು ಹೇಳಲೇಬೇಕು. ಮೂರನೇ ವರ್ಷ ಮೊದಲ ಮರಿ ಸಿಕ್ಕಾಗ ಫೋಟೋ ಚೆನ್ನಾಗಿ ಬರಲಿ ಎಂದು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ಅದು ಕಣ್ಣು ಮುಚ್ಚಿಕೊಂಡು ಅಲುಗಾಡದೆ ಕೂತಿತು. ಸಾಧು ಪ್ರಾಣಿ ಅಂದುಕೊಂಡೆ. ಆಮೇಲೆ ಅರ್ಥವಾಯಿತು, ಅದು ಹೆದರಿಕೆ. ಕೆಳಗೆ ಬಿಟ್ಟ ಮೇಲೂ ಬಹಳ ಹೊತ್ತು ಬಿಸಿಲಲ್ಲೇ ಉಳಿಯಿತು, ನೆರಳಿಗೂ ಹೋಗಲಿಲ್ಲ. ಅಂದಿನಿಂದ ಮುಟ್ಟಿಲ್ಲ. ಇರುವೆಯೇ ಆಹಾರವಾದ್ದರಿಂದ ಮನೆಯಲ್ಲಿ ಇವು ಬದುಕುವುದೂ ಕಷ್ಟ. ಹಿಡಿದು ಒಯ್ಯುವವರು ಇದ್ದಾರೆ, ಅದಕ್ಕೇ ಸಿಕ್ಕ ಜಾಗವನ್ನು ಯಾರಿಗೂ ನಿಖರವಾಗಿ ಹೇಳುವುದಿಲ್ಲ.

ಹೊತ್ತು ಗೊತ್ತುಮಾಡಲು ನನ್ನ ಅಳತೆ ಕೈ. ಮರಳ ಮೇಲೆ ಕೈ ಹಿಂಬದಿ ಇಟ್ಟು, ಹಾಯಾಗಿ ಬೆಚ್ಚಗಿದ್ದರೆ ಹುಡುಕುತ್ತೇನೆ. ಚುರುಕ್ ಎಂದರೆ ಅವು ಮಣ್ಣೊಳಗೆ ಸೇರಿರುತ್ತವೆ, ನಾನೂ ಮನೆಗೆ ಹೋಗುತ್ತೇನೆ. ಜೂನ್‌ನಲ್ಲಿ ಆ ಹೊತ್ತು ಬೆಳಿಗ್ಗೆ ಎಂಟಕ್ಕೇ ಮುಗಿಯುತ್ತದೆ, ಅಕ್ಟೋಬರ್ ಕೊನೆಗೆ ನಡುಮಧ್ಯಾಹ್ನಕ್ಕೆ ಬರುತ್ತದೆ. ಬಿಸಿಲು ಓರೆಯಾಗಿದ್ದಾಗ ಮರಿಯ ನೆರಳು ಮರಿಗಿಂತ ಉದ್ದ ಬೀಳುತ್ತದೆ. ಎಷ್ಟೋ ಸಲ ಮೊದಲು ಕಂಡದ್ದು ನೆರಳೇ.

ಜುಲೈ, ಆಗಸ್ಟ್‌ನಲ್ಲಿ ಮರಿ ನೋಡಬೇಕೆಂದರೆ ನಾವು ಉತ್ತರಕ್ಕೆ, ಸುಮಾರು 2,100 ಮೀಟರ್ ಎತ್ತರದ ಫ್ಲಾಗ್‌ಸ್ಟಾಫ್‌ಗೆ ಹೋಗುತ್ತೇವೆ. ಅಲ್ಲಿ ಪೈನ್ ಮರಗಳ ನಡುವೆ ಗಿಡ್ಡ ಕೊಂಬಿನ ಜಾತಿ ಇದೆ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ತಣ್ಣನೆಯ ಮಣ್ಣಿನಲ್ಲಿ ಮೊಟ್ಟೆಗೆ ಕಾವು ಸಿಗುವುದು ಕಷ್ಟ. ತಾಯಿ ಹೊಟ್ಟೆಯಲ್ಲೇ ಇಟ್ಟುಕೊಂಡು ಬಿಸಿಲು ಕಾಯಿಸುತ್ತದೆ. ಮರಿಗಳು ತೆಳು ಪೊರೆಯೊಳಗೆ ಹುಟ್ಟಿ, ಪೊರೆ ಹರಿದುಕೊಂಡು ತಮ್ಮ ಪಾಡಿಗೆ ಹೊರಟುಬಿಡುತ್ತವೆ. ಆ ಕಡೆಯ ನವಾಹೋ ಜನ ಕೊಂಬಿನ ಓತಿಯನ್ನು ಚೇಯಿ ಎನ್ನುತ್ತಾರೆ, ಅಂದರೆ ತಾಯಿಯ ತಂದೆ. ಕಂಡರೆ ಗೌರವದಿಂದ ಮಾತಾಡಿಸುತ್ತಾರೆ. ಮಗಳು ಅದನ್ನು ಕೇಳಿದ ದಿನದಿಂದ ಮರಿಗೂ ‘ತಾತ’ ಎಂದೇ ಕರೆಯುತ್ತಾಳೆ.

ನವೆಂಬರ್ ಬಂತೆಂದರೆ ಟೂಸಾನ್‌ನಲ್ಲಿ ಹುಡುಕಾಟ ನಿಲ್ಲುತ್ತದೆ. ಅವು ಮಣ್ಣಿನಡಿ ನಿದ್ದೆ ಹೋಗುತ್ತವೆ. ಆದರೆ ಬೇಲಿ ಹಾಕದ ಒಣಹಳ್ಳದಲ್ಲಿ ಗಾಡಿ ಓಡಿಸುವವರನ್ನು ಕಂಡಾಗ ನನಗೆ ಚಳಿಗಾಲವಿಡೀ ಸಂಕಟ, ಮಲಗಿದ ಮರಿಯ ಮೇಲೆ ಇರುವುದು ತೆಳ್ಳನೆಯ ಮಣ್ಣಿನ ಹೊದಿಕೆ ಮಾತ್ರ.

ಈ ಏಪ್ರಿಲ್‌ನಲ್ಲಿ ಮೆಸ್ಕೀಟ್ ಚಿಗುರುವ ಹೊತ್ತಿಗೆ ಹೋದೆವು. ಹೋದ ಸೆಪ್ಟೆಂಬರ್‌ನಲ್ಲಿ ಮರಿ ಕಂಡ ತಿರುವಿನಲ್ಲೇ, ಈಗ ಹೆಬ್ಬೆರಳುದ್ದ ಬೆಳೆದ ಒಂದು ಓತಿ ಕೂತಿತ್ತು. ಕೊಂಬುಗಳು ಚೂಪಾಗಿದ್ದವು, ಬೆನ್ನಿಗೆ ಮಣ್ಣು ಅಂಟಿತ್ತು. ಎದುರಿಗೆ ಹಾರ್ವೆಸ್ಟರ್ ಇರುವೆಯ ಸಾಲು. ಮಗಳು ಪಿಸುದನಿಯಲ್ಲಿ ಎಣಿಸಿದಳು. ಹನ್ನೊಂದು ಇರುವೆ ತಿಂದು, ಅದು ಕ್ರಿಯೋಸೋಟ್ ಪೊದೆಯ ಕೆಳಗೆ ಸರಿದುಹೋಯಿತು.