32 ಮೆಟ್ಟಿಲು, ದಿನಕ್ಕೊಂದು ಕಪ್ ಹರಿವೆ

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ ಕೆಳಗೆ, ಮನೆ ಮೇಲೆ. ನಡುವೆ ಕೆಂಪು ಕಲ್ಲಿನ 32 ಮೆಟ್ಟಿಲು. ಹೋದ ವರ್ಷ ಮೊದಲ ಕೊಯ್ಲಿನ ಹೊತ್ತಿಗೆ ಬುಟ್ಟಿ ಹೊತ್ತು ಹತ್ತುವಾಗ ಎರಡು ಕಡೆ ನಿಲ್ಲಬೇಕಾಯಿತು. ಉಸಿರು ಸಾಕಷ್ಟಿತ್ತು, ತೊಡೆಯಲ್ಲಿ ಬಲ ಇರಲಿಲ್ಲ. ನನಗೆ ಆಗ 59.

ಆಸ್ಟ್ರೇಲಿಯಾದ ಎಡಿತ್ ಕೋವನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಹೇಳಿದ್ದು ಮಗಳು. 3,759 ಜನರ 12 ವರ್ಷಗಳ ಲೆಕ್ಕ ಅದು. ನೈಟ್ರೇಟ್ ಅಂದರೆ ತರಕಾರಿಯಲ್ಲಿ, ಅದರಲ್ಲೂ ಸೊಪ್ಪಿನಲ್ಲಿ, ಸಹಜವಾಗಿಯೇ ಇರುವ ಒಂದು ಲವಣ. ತರಕಾರಿಯಿಂದ ಅದು ಜಾಸ್ತಿ ಸಿಗುತ್ತಿದ್ದವರ ಕಾಲಿನ ಬಲ, ಕಡಿಮೆ ಸಿಗುತ್ತಿದ್ದವರಿಗಿಂತ ಶೇ. 11ರಷ್ಟು ಹೆಚ್ಚಿತ್ತು. ನಡಿಗೆಯೂ ಶೇ. 4ರಷ್ಟು ಚುರುಕು. ಸೊಪ್ಪೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ದಿನಕ್ಕೆ ಒಂದು ಕಪ್ ಸೊಪ್ಪು ನಮಗೇನು ಕಷ್ಟ ಅಲ್ವಾ?

ಬಾವಿಕಟ್ಟೆಯ ಪಕ್ಕ ಹರಿವೆ ಬಿತ್ತಿದೆ. ಬೀಜ ಸಾಸಿವೆಗಿಂತ ಸಣ್ಣದು, ಇರುವೆ ಹೊತ್ತುಕೊಂಡು ಹೋಗುತ್ತದೆ. ಸ್ವಲ್ಪ ರವೆ ಬೆರೆಸಿ ಬಿತ್ತಿದರೆ ಇರುವೆ ರವೆಯನ್ನು ಒಯ್ಯುತ್ತದೆ, ಬೀಜ ಉಳಿಯುತ್ತದೆ. ತಿಂಗಳೊಳಗೆ ಕೊಯ್ಯಬಹುದು. ಬಸಳೆ ಚಪ್ಪರ ಮೊದಲೇ ಇತ್ತು.

ಅಡುಗೆಯಲ್ಲಿ ಒಂದೇ ಬದಲಾವಣೆ: ಸೊಪ್ಪು ಬೇಯಿಸಿದ ನೀರು ಚೆಲ್ಲುವುದಿಲ್ಲ. ನೈಟ್ರೇಟ್ ನೀರಿಗೆ ಇಳಿಯುತ್ತದೆ, ಚೆಲ್ಲಿದರೆ ಅದೂ ಹೋಯಿತು. ಆ ನೀರನ್ನು ಸಾರಿಗೆ ಹಾಕುತ್ತೇವೆ. ಪಲ್ಯ, ತಂಬುಳಿ, ಬಸಳೆ ಹುಳಿ, ಹೀಗೆ ದಿನ ದಿನ ಬೇರೆ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಸೊಪ್ಪಿನ ನೈಟ್ರೇಟನ್ನು ನೈಟ್ರೈಟ್ ಮಾಡುವುದು ನಮ್ಮ ಬಾಯಿಯಲ್ಲಿರುವ ಬ್ಯಾಕ್ಟೀರಿಯಾ. ಮುಂದೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಹಲ್ಲು ಕೀಳಿಸಿದ ಮೇಲೆ ಸುಮ್ನೆ ಮುಂದುವರಿಸಿದ್ದ ಮೌತ್‌ವಾಶ್ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ದಂತವೈದ್ಯರನ್ನು ಕೇಳಿ ನಿಲ್ಲಿಸಿದೆ.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದಲ್ಲಿ ಕಲ್ಲಾದವರು ದಯವಿಟ್ಟು ಡಾಕ್ಟರನ್ನು ಕೇಳದೆ ಸೊಪ್ಪು ಜಾಸ್ತಿ ಮಾಡಬೇಡಿ.

ಅಳೆಯಲು ಒಂದು ದಾರಿ ಹಿಡಿದಿದ್ದೆ. ಎದೆಯ ಮೇಲೆ ಕೈ ಕಟ್ಟಿ, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೇನೆ ಅಂತ. ಮೊದಲ ದಿನ 9. ನಾಲ್ಕು ತಿಂಗಳಿಗೆ 13. ಇದೇ ಎದ್ದು ಕೂರುವುದನ್ನು ದಿನಾ ಬೆಳಿಗ್ಗೆ ವ್ಯಾಯಾಮವಾಗಿಯೂ ಮಾಡುತ್ತಿದ್ದೆ, ಹಾಗಾಗಿ ಪೂರ್ತಿ ಶ್ರೇಯ ಹರಿವೆಗೆ ಕೊಡಲಾರೆ. ಈಗ ಬುಟ್ಟಿ ಹೊತ್ತು ಹತ್ತುವಾಗ 20ನೇ ಮೆಟ್ಟಿಲಿನಲ್ಲಿ ಒಮ್ಮೆ ಮಾತ್ರ ನಿಲ್ಲುತ್ತೇನೆ.