ನಂದಿ ಬೆಟ್ಟವನ್ನು ಮೆಟ್ಟಿಲು ಹತ್ತಿ ನೋಡಿ, ಕ್ಯಾಮೆರಾ ಜೊತೆಗಿರಲಿ

ನಂದಿ ಬೆಟ್ಟಕ್ಕೆ ಕ್ಯಾಮೆರಾ ತಗೊಂಡು ಹೊರಟವರಿಗೆ ನಾನು ಹೇಳುವುದು ಇಷ್ಟೇ. ಶನಿವಾರ, ಭಾನುವಾರ ಬೇಡ. ಗಾಡಿಯಲ್ಲಿ ಮೇಲಿನ ತನಕ ಹೋಗುವುದೂ ಬೇಡ. ವಾರದ ನಡುವೆ ಒಂದು ದಿನ ರಜೆ ಹಾಕಿ, ಬೆಟ್ಟದ ಬುಡದ ಸುಲ್ತಾನ್‌ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಮೆಟ್ಟಿಲು ಹತ್ತಿ. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿವೆ. ನಿಂತು ನಿಂತು ಫೋಟೊ ತೆಗೆಯುತ್ತಾ ಹೋಗುವುದಾದರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಆ ದಾರಿ ತೆರೆದಿದೆಯಾ, ಟಿಕೆಟ್ ಬೇಕಾ ಅಂತ ಹಿಂದಿನ ದಿನವೇ ವಿಚಾರಿಸಿಬಿಡಿ.

ಹೀಗೆ ಹೋದರೆ ಮೇಲಿನ ಸೂರ್ಯೋದಯ ತಪ್ಪುತ್ತದಲ್ವಾ? ತಪ್ಪುತ್ತದೆ. ತಪ್ಪಲಿ ಬಿಡಿ. ಕತ್ತಲಲ್ಲಿ ಮಾತ್ರ ಹತ್ತಬೇಡಿ, ಈ ಬೆಟ್ಟಸಾಲಿನಲ್ಲಿ ಚಿರತೆಗಳಿವೆ. ಟಾರ್ಚ್ ಇಲ್ಲದೆ ಮೆಟ್ಟಿಲು ಕಾಣುವಷ್ಟು ಬೆಳಕಾದ ಮೇಲೆ ಶುರು ಮಾಡಿ. ಬೆಟ್ಟ 1,478 ಮೀಟರ್ ಎತ್ತರ. ನವೆಂಬರ್‌ನಿಂದ ಫೆಬ್ರವರಿ ತನಕ ಬೆಳಿಗ್ಗೆ ಒಳ್ಳೆ ಚಳಿ, ಮಂಜು. ತೆಳು ಸ್ವೆಟರ್ ಸಾಕು, ಅರ್ಧ ದಾರಿಗೇ ಬೆವರು ಬರುತ್ತದೆ.

ಮಂಜಿನಲ್ಲಿ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಫೋಟೊಗೆ ಬೀಳುವ ಬೆಳಕನ್ನು, ಪ್ಲಸ್ ಕಡೆಗೆ ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಬೆಟ್ಟಸಾಲು ಅಂದ ತಕ್ಷಣ ಎಲ್ಲರೂ ವೈಡ್ ಲೆನ್ಸ್ ಹಾಕುತ್ತಾರೆ. ನನಗೆ ಅದಕ್ಕಿಂತ ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಜೂಮ್ ಲೆನ್ಸ್ ಇಷ್ಟ. ದೂರದ ಬೆಟ್ಟಗಳು ಒಂದರ ಹಿಂದೆ ಒಂದು ಒತ್ತಾಗಿ ಬರುತ್ತವೆ, ಹಿಂದಕ್ಕೆ ಹೋದಷ್ಟೂ ಬಣ್ಣ ತೆಳುವಾಗುತ್ತದೆ. ಮಂಜಿನಲ್ಲಿ ಲೆನ್ಸ್ ಬದಲಾಯಿಸಬೇಡಿ. ಲೆನ್ಸಿನ ಮುಂದೆ ಹುಡ್ (ಮರೆ) ಹಾಕಿರಲಿ, ಒರೆಸಲು ಹಳೆ ಪಂಚೆಯ ಮೆತ್ತನೆ ತುಂಡೊಂದು ಜೇಬಿನಲ್ಲಿರಲಿ.

ಈಗ ಹಕ್ಕಿಗಳ ವಿಷಯ. ನಾನು ಈ ಬೆಟ್ಟಕ್ಕೆ ಹೋಗುವುದೇ ಅದಕ್ಕೆ. ದಾರಿಯಲ್ಲಿ ಬಂಡೆ, ಮುಳ್ಳುಪೊದೆ ಇರುವ ಕಡೆ ನಿಧಾನ ಮಾಡಿ. ಹಳದಿ ಕತ್ತಿನ ಪಿಕಳಾರ (ಬುಲ್‌ಬುಲ್) ಇರುವುದು ಅಂಥಲ್ಲೇ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಈ ಹಕ್ಕಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕಲ್ಲು ಗಣಿಗಾರಿಕೆಯಿಂದ ಅದರ ನೆಲೆ ಹೋಗುತ್ತಿದೆ, ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಮೈಯೆಲ್ಲ ಬೂದು, ಕತ್ತು ಮತ್ತು ಬಾಲದ ಬುಡ ಹಳದಿ. ಜುಟ್ಟಿಲ್ಲ. ಪೊದೆಯ ತುದಿಗೆ ಬಂದು ಕೂರುತ್ತದೆ, ಆ ಕಡೆ ಈ ಕಡೆ ನೋಡುತ್ತದೆ, ಮತ್ತೆ ಒಳಗೆ ಇಳಿದುಬಿಡುತ್ತದೆ. ಹಿಂದೆ ಓಡಿದರೆ ಸಿಗುವುದಿಲ್ಲ. ಬಿಸಿಲು ಬಿದ್ದಿರುವ ಒಂದು ಪೊದೆ ಗುರುತು ಮಾಡಿಕೊಂಡು ಪಕ್ಕದ ಬಂಡೆಗೆ ಒರಗಿ ಕೂತುಬಿಡಿ. ಶಟರ್ 1/800 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಫೋಕಸ್ ಒಂದೇ ಪಾಯಿಂಟ್. ಪಾಯಿಂಟ್ ಜಾಸ್ತಿ ಇಟ್ಟರೆ ಫೋಕಸ್ ಮುಂದಿನ ಕಡ್ಡಿಗೆ ಹೋಗಿ ಕೂರುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಸಬೇಡಿ, ದಯವಿಟ್ಟು. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದು ತಿನ್ನುವುದು ಬಿಟ್ಟು ಗಾಬರಿಯಲ್ಲಿ ಸುತ್ತುತ್ತದೆ. ಅಂಥ ಫೋಟೊ ನಮಗೆ ಯಾಕೆ ಬೇಕು?

ಮೇಲೆ ಬಂದ ಮೇಲೆ ಅಂಗಡಿಗಳ ಕಡೆ ಹೋಗದೆ ದೊಡ್ಡ ಮರಗಳ ಕೆಳಗೆ ಹೋಗಿ. ನೀಲಗಿರಿ ಕಾಡುಪಾರಿವಾಳ ಪಶ್ಚಿಮ ಘಟ್ಟದ ಹಕ್ಕಿ. ಘಟ್ಟದಿಂದ ಇಷ್ಟು ದೂರದಲ್ಲಿ ಈ ಬೆಟ್ಟದ ತಲೆಯ ಮೇಲೂ ಉಳಿದುಕೊಂಡಿದೆ. ಹಣ್ಣು ಬಿಟ್ಟ ಮರದಲ್ಲಿ ಅಲ್ಲಾಡದೆ ಕೂತಿರುತ್ತದೆ. ಕತ್ತಿನ ಹಿಂಭಾಗದಲ್ಲಿ ಚದುರಂಗದ ಹಾಸಿನ ಹಾಗೆ ಕಪ್ಪು ಬಿಳಿ ಚುಕ್ಕೆಗಳಿವೆ, ಅದು ಕಾಣುವ ಹಾಗೆ ತಿರುಗುವ ತನಕ ಕಾಯಿರಿ. ಚಳಿಗಾಲದಲ್ಲಾದರೆ ಒಣಎಲೆಯ ಮೇಲೂ ಕಣ್ಣಿಡಿ. ಹಿಮಾಲಯದಿಂದ ಬಂದ ಬ್ಲೂ ರಾಬಿನ್ ನೆಲದಲ್ಲಿ ಕುಪ್ಪಳಿಸುತ್ತಾ ಹುಳ ಹುಡುಕುತ್ತಿರುತ್ತದೆ. ಅಲ್ಲಿ ಬೆಳಕು ಕಡಿಮೆ. ಶಟರ್ 1/250ಕ್ಕೆ ಇಳಿಸಿ, ನೆಲಕ್ಕೆ ಕೂತು ತೆಗೆಯಿರಿ. ಪ್ಯಾಂಟ್ ಒದ್ದೆಯಾಗುತ್ತದೆ, ಆದರೂ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯದೆ ಅದರ ಚೆಂದ ಬರುವುದಿಲ್ಲ.

ಕೋತಿಗಳು ತುಂಬಾ ಇವೆ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಬಂದುಬಿಡುತ್ತವೆ. ತಿಂಡಿ ಜಿಪ್ ಹಾಕಿದ ಬ್ಯಾಗಿನ ಒಳಗಿರಲಿ, ಕ್ಯಾಮೆರಾ ಪಟ್ಟಿ ಕುತ್ತಿಗೆಯಲ್ಲಿರಲಿ. ಏನೂ ತಿನ್ನಿಸಬೇಡಿ. ಮರಿ ಎತ್ತಿಕೊಂಡ ತಾಯಿ ಕೋತಿಯನ್ನು ದೂರದಿಂದಲೇ ತೆಗೆಯಿರಿ.

ಒಂಬತ್ತೂವರೆ ಹೊತ್ತಿಗೆ ಬಂಡೆ ಕಾಯುತ್ತದೆ. ಬಿಸಿ ಗಾಳಿ ಏಳುತ್ತದೆ, ಉದ್ದ ಲೆನ್ಸಿನಲ್ಲಿ ದೂರದ್ದೆಲ್ಲ ಕದಡಿದಂತೆ ಬರುತ್ತದೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಆಗ ಇಳಿಯಿರಿ. ಇಳಿಯುವಾಗ ಮಂಡಿಗೆ ಭಾರ ಜಾಸ್ತಿ, ಮೆಟ್ಟಿಲನ್ನು ಓರೆಯಾಗಿ ಇಳಿದರೆ ಸುಲಭ. ಕಾಲಿನಲ್ಲಿ ಇನ್ನೂ ಶಕ್ತಿ ಇದ್ದರೆ ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಅದರ ಕಲ್ಯಾಣಿ ಮತ್ತು ಕಂಬಗಳಿಗೆ ವೈಡ್ ಲೆನ್ಸ್ ಹಾಕಿ. ಟ್ರೈಪಾಡ್‌ಗೆ ಅನುಮತಿ ಬೇಕಾಗುತ್ತದೆ, ಕೈಯಲ್ಲೇ ಹಿಡಿದು ತೆಗೆದರೆ ಸಾಕು.